ಒಂದು ಲಿಂಕ್ ಹಾಕಿಸುತ್ತೇನೆ ಎಂದಿದ್ದಿರಿ

ಸರ್ಕಾರಿ ವೆಬ್‌ಸೈಟಿನ ಹೊಣೆ ಹೊತ್ತ ಹಿರಿಯ ಅಧಿಕಾರಿಗಳಿಗೆ,

ಮಾನ್ಯರೇ,

ತಮ್ಮ ಹೆಸರನ್ನಾಗಲಿ ಹುದ್ದೆಯನ್ನಾಗಲಿ ಇಲ್ಲಿ ಬರೆಯುತ್ತಿಲ್ಲ. ನಮ್ಮೂರ ಜಾತ್ರೆಯ ಪೂರ್ವಭಾವಿ ಸಭೆಯಲ್ಲಿ ಕೂತಿದ್ದವರಿಗೆಲ್ಲ ಅದು ಗೊತ್ತು, ತಮಗೂ ಗೊತ್ತು. ಮನವಿ ಕೊಟ್ಟೆವು, ಸ್ವೀಕೃತಿ ಪಡೆದೆವು, ಕಚೇರಿಗೆ ಅಲೆದೆವು, ತಮ್ಮ ಮೊಬೈಲಿಗೂ ಸಂದೇಶ ಹಾಕಿದೆವು. ಯಾವುದಕ್ಕೂ ತಮ್ಮಿಂದ ಉತ್ತರ ಬಾರದ್ದರಿಂದ ಪತ್ರಿಕೆಯ ಮೂಲಕ ಬರೆಯಬೇಕಾಯಿತು.

ಹಿನ್ನೆಲೆಯನ್ನು ನಮ್ಮ ಸೀಮೆಯವರಿಗೆ ಹೇಳಬೇಕಿಲ್ಲ. ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಚಳ್ಳಕೆರೆ, ಮೊಳಕಾಲ್ಮುರು ಕಡೆಯವರಷ್ಟೇ ಅಲ್ಲ, ರಾಯದುರ್ಗ, ಕಲ್ಯಾಣದುರ್ಗ, ಅನಂತಪುರದಿಂದಲೂ ಜನ ಬರುತ್ತಾರೆ. ಜಾತ್ರೆ ಮಂಗಳವಾರವೇ. ಆದರೆ ಯಾವ ಮಂಗಳವಾರ ಎಂಬುದು ಪಂಚಾಂಗ ನೋಡಿ ಗೊತ್ತಾಗುವುದರಿಂದ ತಾರೀಖು ವರ್ಷ ವರ್ಷವೂ ಬದಲಾಗುತ್ತದೆ. ಹಿಂದೆ ನೆಂಟರು ಹೇಳಿ ಕಳಿಸುತ್ತಿದ್ದರು. ಈಗ ದುಡಿಯಲು ಬಳ್ಳಾರಿ, ಬೆಂಗಳೂರು ಸೇರಿದವರು ಮೊಬೈಲಿನಲ್ಲಿ ಹುಡುಕುತ್ತಾರೆ. ಅದಕ್ಕೆಂದೇ ನಮ್ಮೂರ ಹುಡುಗರು ಕೈಯಿಂದ ದುಡ್ಡು ಹಾಕಿ ವೆಬ್‌ಸೈಟ್ ಮಾಡಿದರು. ಜಾತ್ರೆಯ ತಾರೀಖು, ಅದು ನಡೆಯುವ ತುಮ್ಮಲಿಗೆ ಹೋಗುವ ದಾರಿ, ಗಾಡಿ ನಿಲ್ಲಿಸುವ ಜಾಗ, ನೀರಿನ ತೊಟ್ಟಿ ಎಲ್ಲಿದೆ, ಪ್ರಾಣಿಬಲಿಗೆ ನಿಷೇಧವಿದೆ ಎಂಬುದನ್ನೆಲ್ಲ ಕನ್ನಡ, ತೆಲುಗು ಎರಡರಲ್ಲೂ ಬರೆದರು.

ಅಷ್ಟು ಮಾಡಿದರೂ ಹುಡುಕಿದವರಿಗೆ ಅದು ಸಿಗುತ್ತಿಲ್ಲ.

ಹುಡುಗರು ಮಾಡಬೇಕಾದ್ದನ್ನೆಲ್ಲ ಮಾಡಿದ್ದಾರೆ. ಗೂಗಲ್ಲಿನ ಸರ್ಚ್ ಕನ್ಸೋಲಿನಲ್ಲಿ ಸೈಟ್ ತಮ್ಮದೆಂದು ದೃಢಪಡಿಸಿದರು, ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪ್ ಸಲ್ಲಿಸಿದರು, ರೋಬೋಟ್ಸ್ ಕಡತದಲ್ಲಿ ತಡೆ ಇಲ್ಲವೆಂದು, ಪುಟದೊಳಗೆ ನೋಇಂಡೆಕ್ಸ್ ಎಂಬ ಗುರುತು ಉಳಿದಿಲ್ಲವೆಂದು ಖಚಿತಪಡಿಸಿಕೊಂಡರು, ಬಿಂಗ್‌ಗೂ ತಿಳಿಸಿದರು. ಬಂದ ಉತ್ತರ ಒಂದೇ: ವಿಳಾಸ ಪತ್ತೆಯಾಗಿದೆ, ಸದ್ಯ ಇಂಡೆಕ್ಸ್ ಆಗಿಲ್ಲ. ಸೈಟ್‌ಮ್ಯಾಪ್ ಕೊಟ್ಟ ಮಾತ್ರಕ್ಕೆ ಪುಟ ಹುಡುಕಾಟದ ಪಟ್ಟಿಗೆ ಸೇರುವ ಖಾತರಿಯಿಲ್ಲ. ಹುಡುಕುವ ಯಂತ್ರ ಒಂದು ಪುಟದ ಲಿಂಕ್ ಹಿಡಿದು ಇನ್ನೊಂದಕ್ಕೆ ಹೋಗುತ್ತದೆ. ತನಗೆ ಮೊದಲೇ ಪರಿಚಯವಿರುವ ಸೈಟು ತೋರಿಸಿದ ಕಡೆಗೆ ಬೇಗ ಬರುತ್ತದೆ, ಯಾರೂ ಬೊಟ್ಟು ಮಾಡದ ಹೊಸ ವಿಳಾಸದ ಸರದಿ ಹಿಂದೆ ಬೀಳುತ್ತದೆ. ಯಂತ್ರವನ್ನು ನಾವು ದೂರುತ್ತಿಲ್ಲ.

ಇದನ್ನೆಲ್ಲ ಸಭೆಯಲ್ಲಿ ತಮಗೆ ಬಿಡಿಸಿ ಹೇಳಿದ್ದೆವು. ತಾವು ಮೈಕ್ ಹಿಡಿದು, ‘ನಮ್ಮ ವೆಬ್‌ಸೈಟಲ್ಲಿ ನಿಮ್ಮೂರಿನ ಲಿಂಕ್ ಹಾಕಿಸ್ತೀನಿ, ಒಂದು ಸಾಲು ತಾನೇ, ನಾಳೇನೇ ಆಗುತ್ತೆ’ ಅಂದಿರಿ. ಊರಿನ ಹಿರಿಯರು ಚಪ್ಪಾಳೆ ತಟ್ಟಿದರು. ತಮ್ಮ ಮಾತನ್ನು ನಂಬಿ ಹುಡುಗರು ಬೇರೆಯವರ ಬಾಗಿಲು ತಟ್ಟಲಿಲ್ಲ.

ಆ ಸಾಲು ಬರಲಿಲ್ಲ. ಕೇಳಲು ಹೋದರೆ, ಖಾಸಗಿ ಸೈಟಿಗೆ ಲಿಂಕ್ ಕೊಡುವಂತಿಲ್ಲ ಎಂದು ತಮ್ಮ ಸಿಬ್ಬಂದಿ ಹೇಳಿದರು. ಸರ್ಕಾರಿ ವೆಬ್‌ಸೈಟುಗಳಿಗೆ ಭಾರತ ಸರ್ಕಾರ ಮಾಡಿರುವ ಮಾರ್ಗಸೂಚಿ ಹೊರಗಿನ ಲಿಂಕುಗಳನ್ನು ನಿಷೇಧಿಸಿಲ್ಲ. ಹೊರಗಿನ ಸೈಟಿಗೆ ಹೋಗುತ್ತಿದ್ದೀರಿ ಎಂದು ಓದುವವರಿಗೆ ತಿಳಿಸಿ ಎನ್ನುತ್ತದೆ. ಅಡ್ಡಿ ಇದ್ದದ್ದೇ ಆದರೆ ಸಭೆಯಲ್ಲೇ ಹೇಳಬಹುದಿತ್ತಲ್ಲ? ಅಷ್ಟು ಜನರ ಮುಂದೆ ಯಾಕೆ ಒಪ್ಪಿಕೊಂಡಿರಿ?

ಇನ್ನು ಮುಂದಿನದನ್ನು ಮೆತ್ತಗೆ ಹೇಳಲು ನನ್ನಿಂದ ಆಗುವುದಿಲ್ಲ. ಜಾತ್ರೆ ಎಂದು ಹುಡುಕಿದವರಿಗೆ ಮೊದಲು ಕಾಣುತ್ತಿದ್ದುದು ನಿಮ್ಮದೇ ಪುಟ, ಅದರಲ್ಲಿದ್ದುದು ಹಿಂದಿನ ವರ್ಷದ ತಾರೀಖು. ಈ ವರ್ಷದ ಪ್ರಕಟಣೆಯನ್ನು ನೀವು ಹಾಕಿದ್ದು ಸಹಿ, ಮೊಹರು ಬಿದ್ದ ಕಾಗದವನ್ನು ಓರೆಯಾಗಿ ಸ್ಕ್ಯಾನ್ ಮಾಡಿ. ಯಂತ್ರಕ್ಕೆ ಅದೊಂದು ಮಸುಕು ಚಿತ್ರ. ಸರ್ಕಾರದ ಪುಟವಲ್ಲವೇ ಎಂದು ನಂಬಿ ರಾಯದುರ್ಗದ ಕಡೆಯ ಒಂದು ಕುಟುಂಬ ಟೆಂಪೋ ಮಾಡಿಕೊಂಡು ಬಂದಿಳಿದಾಗ ಜಾತ್ರೆ ಮುಗಿದುಹೋಗಿತ್ತು. ಹರಕೆಯ ಈರುಳ್ಳಿ ಚೀಲ ಗಾಡಿಯಲ್ಲೇ ಇತ್ತು. ಆ ಮನೆಯ ಅಜ್ಜಿ ನಮ್ಮನ್ನೇ ಬೈದರು, ಊರಿನವರಾಗಿ ಸರಿಯಾದ ದಿನ ಹೇಳಬಾರದಿತ್ತೇ ಎಂದು. ನಾವು ಹೇಳಿದ್ದೆವು. ಅದು ಅವರಿಗೆ ಕಾಣದೆ ಹೋಯಿತು, ಕಾಣುವಂತೆ ಮಾಡುತ್ತೇನೆಂದು ಮಾತು ಕೊಟ್ಟವರು ನೀವು.

ಇದು ಜಾತ್ರೆಯೊಂದರ ಮಾತಲ್ಲ. ಶೇಂಗಾ ಬೆಳೆ ವಿಮೆಯ ಪಟ್ಟಿ, ಬರ ಪರಿಹಾರದ ಪಟ್ಟಿ, ಟೆಂಡರ್, ಗ್ರಾಮಸಭೆಯ ತಿಳಿವಳಿಕೆ ಪತ್ರ, ಎಲ್ಲವೂ ಇದೇ ರೀತಿ ಸ್ಕ್ಯಾನ್ ಆಗಿ ಬೀಳುತ್ತವೆ. ಇಲ್ಲವೇ ಹಳೆಯ ನುಡಿ ಫಾಂಟಿನಲ್ಲಿ ಟೈಪಾಗಿರುತ್ತವೆ. ಅದು ಕಣ್ಣಿಗೆ ಕನ್ನಡ, ಯಂತ್ರದೊಳಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸು. ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಜಾಗ ಸಿಕ್ಕಿದ್ದು 1991ರಲ್ಲಿ. ಇಷ್ಟು ವರ್ಷಗಳ ನಂತರವೂ ಒಬ್ಬ ರೈತ ತನ್ನ ಊರಿನ ಹೆಸರನ್ನು ಕನ್ನಡದಲ್ಲಿ ಬರೆದು ಹುಡುಕಿದರೆ ಸರ್ಕಾರದ ಪಟ್ಟಿಯಲ್ಲಿರುವ ಅದೇ ಹೆಸರು ಸಿಗುವುದಿಲ್ಲವೆಂದರೆ, ಪ್ರಕಟಿಸಿದ್ದೇವೆ ಎಂದು ಯಾವ ಬಾಯಲ್ಲಿ ಹೇಳುತ್ತೀರಿ?

ನೀವು ಮೊಳಕಾಲ್ಮುರಿಗೆ ಹೋಗುತ್ತಿರುತ್ತೀರಿ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳನ್ನು ನೋಡಿರಬಹುದು. 1892ರಲ್ಲಿ ಬಿ.ಎಲ್. ರೈಸ್ ಪತ್ತೆಹಚ್ಚಿದ ಅಶೋಕನ ಶಾಸನಗಳವು. ಸುವರ್ಣಗಿರಿಯ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕಳಿಸಿದ ಆಜ್ಞೆ ಅದು, ಅಂದರೆ ಅಧಿಕಾರಿಗಳಿಂದ ಅಧಿಕಾರಿಗಳಿಗೆ ಹೋದ ಪತ್ರ. ಆದರೂ ಅದನ್ನು ಬಂಡೆಯ ಮೇಲೆ, ಬಯಲಿನಲ್ಲಿ ಕೆತ್ತಿಸಿದರು. ಅದೇ ನೆಲದಲ್ಲಿ ಕೂತು ನೀವು ಜನರಿಗೆಂದೇ ಬರೆದ ಪ್ರಕಟಣೆಯನ್ನು ಜನರ ಕೈಗೆ ಸಿಗದಂತೆ ಹಾಕುತ್ತೀರಿ. ಊರಿನ ಹುಡುಗರು ತಾವಾಗಿ ಮುಂದೆ ಬಂದರೆ ಅವರಿಗೊಂದು ಸಾಲು ಕೊಡುವುದಿಲ್ಲ.

ಹಳೆಯ ತಾರೀಖಿನ ಪುಟವನ್ನು ಈ ವಾರವೇ ತಿದ್ದಿಸಿ. ಮುಂದಿನ ಜಾತ್ರೆಯ ಪ್ರಕಟಣೆ ಯೂನಿಕೋಡ್ ಕನ್ನಡದಲ್ಲಿ ಬರಲಿ, ಗಡಿಯಾಚೆಯವರಿಗಾಗಿ ತೆಲುಗಿನಲ್ಲೂ ಇರಲಿ. ವಿಮೆ, ಪರಿಹಾರದ ಪಟ್ಟಿಗಳನ್ನೂ ಹುಡುಕಿದರೆ ಸಿಗುವ ಹಾಗೆ ಹಾಕಿಸಿ. ಇದಕ್ಕೆ ಹೊಸ ಯೋಜನೆ ಬೇಡ, ಅನುದಾನ ಬೇಡ, ಈಗಿರುವ ಸಿಬ್ಬಂದಿಗೆ ನಿಮ್ಮ ಒಂದು ಆದೇಶ ಸಾಕು.

ಆ ಲಿಂಕನ್ನೂ ಹಾಕಿಸಿ. ಆಗುವುದಿಲ್ಲವೆಂದಾದರೆ ಯಾವ ನಿಯಮದ ಪ್ರಕಾರ ಆಗುವುದಿಲ್ಲ ಎಂದು ಬರೆದು, ಸಹಿ ಮಾಡಿ, ನಮ್ಮ ಗ್ರಾಮ ಪಂಚಾಯಿತಿಗೆ ಕಳಿಸಿ. ಸಭೆಯಲ್ಲಿ ನಿಮ್ಮ ಮಾತು ಕೇಳಿದವರೆಲ್ಲ ಅದನ್ನು ಓದಲಿ.

ಇಂತಿ,
ಗೌರಸಮುದ್ರದ ಒಬ್ಬ ನಿವಾಸಿ