ಸ್ಪ್ಯಾನರ್ ಹಿಡಿದ ಕೈಗೆ ನಾಚಿಕೆಯೇಕೆ?

ಹೆಣ್ಣಿನ ಕಡೆಯವರು ಬಂದು ಕುಳಿತಿರುತ್ತಾರೆ. ಹುಡುಗನಿಗೆ ಕೆಲಸವೆಲ್ಲಿ ಎಂದು ಕೇಳುತ್ತಾರೆ. 'ನಾಸಿಕದ ಆಸ್ಪತ್ರೆಯಲ್ಲಿ' ಎನ್ನುತ್ತೇವೆ. 'ಓಹೋ, ಡಾಕ್ಟರೇ?' ಎಂದೊಡನೆ ನಮ್ಮ ಗಂಟಲು ಕಟ್ಟುತ್ತದೆ. 'ಅಲ್ಲ, ಟೆಕ್ನಿಕಲ್ ವಿಭಾಗ' ಎಂದು ಮಾತು ತೇಲಿಸಿ, ಚಹಾ ತರುವಂತೆ ಒಳಗೆ ಕೂಗುತ್ತೇವೆ. ಮೇಂಟೆನೆನ್ಸ್ ಮೆಕ್ಯಾನಿಕ್ ಎಂಬ ನೇರ ಮಾತು ಮಾತ್ರ ನಮ್ಮ ಬಾಯಿಂದ ಹೊರಡುವುದಿಲ್ಲ.

ಸಿನ್ನರಿನ ಕನ್ನಡಿಗರಾದ ನಮಗೆ ಈ ನಾಚಿಕೆ ಎಲ್ಲಿಂದ ಬಂತು? ಮಾಳೇಗಾವ, ಮುಸಳಗಾವದ ಕೈಗಾರಿಕಾ ವಸಾಹತುಗಳ ಯಂತ್ರಗಳನ್ನು ನಂಬಿ ಊರು ಬಿಟ್ಟು ಬಂದವರಲ್ಲವೇ ನಾವು? ನೆಂಟರು ಬಂದರೆ ಗೋಂದೇಶ್ವರ ಗುಡಿಗೆ ಕರೆದೊಯ್ದು, ಇದು ಸೇವುಣರ ಕಾಲದ್ದು, ಅವರ ಶಾಸನಗಳಲ್ಲಿ ಕನ್ನಡವಿದೆ ಎಂದು ಎದೆಯುಬ್ಬಿಸುತ್ತೇವೆ. ಅಂದು ಕಲ್ಲು ಕೆತ್ತಿದ ಕೈಗೆ ನಮಸ್ಕಾರ. ಇಂದು ಸ್ಪ್ಯಾನರ್ ಹಿಡಿದ ಮನೆಮಗನ ಕೈಗೆ ಮುಜುಗರ!

ಆ ಕೈ ಮಾಡುವುದೇನು? ಲಿಫ್ಟು, ಜನರೇಟರು, ಉಪಕರಣಗಳನ್ನು ಹಬೆಯಲ್ಲಿ ಶುದ್ಧಗೊಳಿಸುವ ಆಟೋಕ್ಲೇವು, ಕಫ ಎಳೆಯುವ ಸಕ್ಷನ್ ಪಂಪು, ಎಲ್ಲಕ್ಕಿಂತ ಮಿಗಿಲಾಗಿ ಆಮ್ಲಜನಕದ ಕೊಳವೆ, ಇವೆಲ್ಲ ಅವನ ಪಾಲು. ದ್ರವ ಆಮ್ಲಜನಕ ಕುದಿಯುವುದೇ ಸೊನ್ನೆಗಿಂತ 183 ಡಿಗ್ರಿ ಕೆಳಗೆ. ಬರಿಗೈ ತಗುಲಿದರೆ ಸುಟ್ಟಂತೆಯೇ ಗಾಯ. ಒಂದು ಲೀಟರು ದ್ರವ ಎಂಟುನೂರಕ್ಕೂ ಹೆಚ್ಚು ಲೀಟರು ಅನಿಲವಾಗುತ್ತದೆ. ಬೇರೆ ಯಂತ್ರಕ್ಕೆಲ್ಲ ಎಣ್ಣೆ ಬಿಡುವ ಮೆಕ್ಯಾನಿಕ್ ಈ ಕೊಳವೆಯ ಬಳಿಗೆ ಎಣ್ಣೆಗೈಯಲ್ಲಿ ಹೋಗುವಂತಿಲ್ಲ. ಎಣ್ಣೆ, ಗ್ರೀಸು ಆಮ್ಲಜನಕಕ್ಕೆ ಸೇರಿದರೆ ಬೆಂಕಿ. ಇದನ್ನು 'ರಿಪೇರಿ ಕೆಲಸ' ಎಂದು ಮೂಗು ಮುರಿಯುವವರು ಒಂದು ರಾತ್ರಿ ಆ ಕೊಠಡಿಯಲ್ಲಿ ಕಳೆದು ಬರಲಿ.

2021ರ ಏಪ್ರಿಲ್ 21ನ್ನು ಮರೆತಿರೇನು? ಕೊರೋನಾದ ಎರಡನೆಯ ಅಲೆಯ ದಿನಗಳು. ನಾಸಿಕದ ಮಹಾನಗರಪಾಲಿಕೆಯ ಡಾ. ಝಾಕಿರ್ ಹುಸೇನ್ ಆಸ್ಪತ್ರೆಯಲ್ಲಿ ಆಮ್ಲಜನಕದ ಟ್ಯಾಂಕು ಸೋರಿ, ಆವರಣವೆಲ್ಲ ಬಿಳಿ ಮಂಜು ಕವಿಯಿತು. ಒಳಗೆ ಕೊಳವೆಯ ಒತ್ತಡ ಕುಸಿಯಿತು. ಅಂದೇ 22 ಮಂದಿ ತೀರಿಕೊಂಡರು. ಅದೇ ವರ್ಷದ ಜನವರಿ 9ರಂದು ಭಂಡಾರಾ ಜಿಲ್ಲಾ ಆಸ್ಪತ್ರೆಯ ನವಜಾತ ಶಿಶುಗಳ ಘಟಕದಲ್ಲಿ ಬೆಂಕಿ ಬಿದ್ದು 10 ಕೂಸುಗಳು ಹೋದವು. ತಪ್ಪು ಯಾರದೆಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಆದರೆ ಒಂದು ಮಾತು ನಿಚ್ಚಳ: ಕೊಳವೆ ಬರಿದಾದಾಗ ಯಾವ ಪದವಿಯೂ ರೋಗಿಗೆ ಉಸಿರು ಕೊಡಲಾರದು.

ಹೀಗಿದ್ದೂ ಎಷ್ಟೋ ಆಸ್ಪತ್ರೆಗಳು ಈ ಕೆಲಸವನ್ನು ಗುತ್ತಿಗೆಗೆ ಒಪ್ಪಿಸಿ ನಿಶ್ಚಿಂತವಾಗಿವೆ. ಇಂದು ಬಂದವನು ಮುಂದಿನ ತಿಂಗಳು ಇರುವನೆಂಬ ಖಾತ್ರಿಯಿಲ್ಲ. ಯಾವ ಕವಾಟ ಬಿಗಿ, ಯಾವುದು ಸಡಿಲ ಎಂಬುದು ವರ್ಷಗಟ್ಟಲೆ ಅಲ್ಲೇ ಇದ್ದವನಿಗೆ ತಿಳಿಯುವ ವಿದ್ಯೆ. ಹಗಲಿರುಳೂ ತರಬೇತಾದ ಕಾಯಂ ಮೆಕ್ಯಾನಿಕ್ ಇರಲೇಬೇಕು. ಟ್ಯಾಂಕು ಕೈಕೊಟ್ಟರೆ ಮೀಸಲು ಸಿಲಿಂಡರುಗಳಿಗೆ ಕೊಳವೆ ತಿರುಗಿಸುವ ಅಭ್ಯಾಸ ಆಗಾಗ ನಡೆಯಲೇಬೇಕು. ಇದು ದಾನವಲ್ಲ, ರೋಗಿಯ ಹಕ್ಕು.

'ಸಂಬಳ ಕಡಿಮೆ, ನೆಲೆಯಿಲ್ಲದ ನೌಕರಿ. ಮಕ್ಕಳನ್ನು ಅದಕ್ಕೇಕೆ ದೂಡಬೇಕು?' ಎಂದು ಕೆಲವು ಹಿರಿಯರು ಕೇಳುತ್ತಾರೆ. ನಿಜ, ಸಂಬಳ ಕಡಿಮೆಯೇ. ಆದರೆ ಹೆತ್ತವರೇ ಹೇಳಿಕೊಳ್ಳಲು ಹಿಂಜರಿಯುವ ಕೆಲಸಕ್ಕೆ ಗುತ್ತಿಗೆದಾರ ಏಕೆ ಹೆಚ್ಚು ಕೊಟ್ಟಾನು? ನಮ್ಮ ನಾಚಿಕೆಯೇ ಅವನಿಗೆ ಲಾಭ.

ಆದ್ದರಿಂದ ಸುಧಾರಣೆ ನಮ್ಮ ಮನೆಯಿಂದಲೇ ಆಗಲಿ. ರಾಜ್ಯೋತ್ಸವದಂದು ವೈದ್ಯಕೀಯ ಸೀಟು ಪಡೆದವರಿಗೆ ಶಾಲು ಹೊದಿಸುತ್ತೇವೆ, ಸಂತೋಷ. ಐ.ಟಿ.ಐ.ಯಲ್ಲಿ ಎರಡು ವರ್ಷ ಫಿಟ್ಟರ್ ಕಲಿತ ಹುಡುಗನನ್ನೂ, ಹುಡುಗಿಯನ್ನೂ ಅದೇ ವೇದಿಕೆಗೆ ಕರೆಯೋಣ. ಆಸ್ಪತ್ರೆಯಲ್ಲಿ ದುಡಿಯುವ ನಮ್ಮ ಮೆಕ್ಯಾನಿಕರನ್ನು ಕೂರಿಸಿ, ಅವರ ಕುಂದುಕೊರತೆ ಕೇಳಿ, ಸಂಘದ ಹೆಸರಿನಲ್ಲಿ ಮನವಿ ಬರೆಯೋಣ.

ಮುಂದಿನ ಬಾರಿ ಬೀಗರಾಗುವವರು 'ಡಾಕ್ಟರೇ?' ಎಂದು ಕೇಳಿದರೆ ತಲೆಯೆತ್ತಿ ಹೇಳೋಣ: 'ಅಲ್ಲ, ಮೆಕ್ಯಾನಿಕ್. ಡಾಕ್ಟರು ಬರೆದುಕೊಟ್ಟ ಆಮ್ಲಜನಕ ರೋಗಿಗೆ ತಲುಪುವುದು ಇವನಿಂದ.'