ಕಂಪನಿಗೆ ವೋಟಿಲ್ಲ, ನೋಟೇಕೆ?

ಚುನಾವಣೆ ಬಂತೆಂದರೆ ನಮ್ಮಂಥ ಪ್ರೆಸ್ಸಿನವರ ತಲೆಯ ಮೇಲೆ ಕತ್ತಿ ತೂಗುತ್ತದೆ. ಅದರ ಹೆಸರು 1951ರ ಜನಪ್ರತಿನಿಧಿ ಕಾಯ್ದೆಯ 127ಎ ಕಲಂ. ಠೇವಣಿ ಕಳೆದುಕೊಳ್ಳುವುದು ಗ್ಯಾರಂಟಿಯಾಗಿರುವ ಪಕ್ಷೇತರನೊಬ್ಬ ಐನೂರು ಕರಪತ್ರ ಹಾಕಿಸಿದರೂ ಅದರಲ್ಲಿ ಮುದ್ರಕನ ಹೆಸರು ವಿಳಾಸ, ಪ್ರಕಾಶಕನ ಹೆಸರು ವಿಳಾಸ ಇರಲೇಬೇಕು. ಹಾಕಿಸುವವನು ತಾನು ಯಾರೆಂದು ಬರೆದು ಸಹಿ ಮಾಡಬೇಕು. ಅವನನ್ನು ಬಲ್ಲ ಇಬ್ಬರು ಸಾಕ್ಷಿ ಹಾಕಬೇಕು. ಅಚ್ಚಾದ ಮೇಲೆ ಒಂದು ಪ್ರತಿ ರಾಜಧಾನಿಯಲ್ಲಾದರೆ ಮುಖ್ಯ ಚುನಾವಣಾಧಿಕಾರಿಗೆ, ಜಿಲ್ಲೆಗಳಲ್ಲಾದರೆ ಜಿಲ್ಲಾಧಿಕಾರಿಗೆ. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಈ ಕಾನೂನು ಬೇಡವೆಂದು ನಾನು ಹೇಳುತ್ತಿಲ್ಲ. ಮತ ಕೇಳುವ ಕಾಗದದ ಹಿಂದೆ ಯಾರಿದ್ದಾರೆಂದು ಮತದಾರನಿಗೆ ಗೊತ್ತಾಗಲೇಬೇಕು. ನನ್ನ ಪ್ರಶ್ನೆ ಬೇರೆ. ಐನೂರು ಹಾಳೆಗೆ ಇಷ್ಟು ಕಟ್ಟುನಿಟ್ಟು ಮಾಡಿದ ಇದೇ ದೇಶದಲ್ಲಿ 2018ರ ಮಾರ್ಚಿನಿಂದ 2024ರ ಜನವರಿವರೆಗೆ ಸುಮಾರು 16,500 ಕೋಟಿ ರೂಪಾಯಿ ಚುನಾವಣಾ ಬಾಂಡಿನ ಹೆಸರಲ್ಲಿ ಪಕ್ಷಗಳ ಹುಂಡಿಗೆ ಬಿತ್ತು. ಕೊಟ್ಟವರ ಹೆಸರು ಜನರಿಗೆ ಗೊತ್ತಾಗಬಾರದೆಂದೇ ಆ ವ್ಯವಸ್ಥೆ ಮಾಡಿದ್ದರು! 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಅದನ್ನು ರದ್ದು ಮಾಡಿದ ಮೇಲಷ್ಟೇ ಪಟ್ಟಿ ಹೊರಬಿತ್ತು. ಪಟ್ಟಿಯ ತುದಿಯಲ್ಲಿ ಕುಳಿತಿದ್ದವರು ಯಾರು? 1,368 ಕೋಟಿ ಕೊಟ್ಟ ಒಂದು ಲಾಟರಿ ಕಂಪನಿ, 966 ಕೋಟಿ ಕೊಟ್ಟ ಹೈದರಾಬಾದಿನ ಒಂದು ಗುತ್ತಿಗೆ ಕಂಪನಿ. ಲಾಟರಿಯಿಂದ ಬಡವರ ಮನೆ ಹಾಳಾಗುತ್ತದೆಂದು ಕರ್ನಾಟಕ 2007ರಲ್ಲೇ ಅದನ್ನು ನಿಷೇಧಿಸಿತ್ತು. ಆ ಮಾರ್ಕೆಟ್ಟಿನ ದುಡ್ಡೇ ದೇಶದ ರಾಜಕೀಯಕ್ಕೆ ಅತಿ ದೊಡ್ಡ ದಾನಿಯಾಗಿ ಬಂತು.

ಈಗ ಮೂಲಕ್ಕೆ ಬರೋಣ. ಕಂಪನಿ ಚಂದಾ ಕೊಡುತ್ತದೆ ಎನ್ನುತ್ತೇವಲ್ಲ, ಈ ಕಂಪನಿ ಎಂಬ ಮಹಾಶಯ ಯಾರು? ಇವನಿಗೆ ಹಸಿವಿಲ್ಲ, ಮುಪ್ಪಿಲ್ಲ, ಸಾವು ಬರಲೇಬೇಕೆಂದಿಲ್ಲ. ತಾಯಿಯೂ ಇಲ್ಲ, ತಾಯ್ನುಡಿಯೂ ಇಲ್ಲ. ಆದರೂ 1897ರಲ್ಲಿ ಬ್ರಿಟಿಷರು ಮಾಡಿಟ್ಟ ಜನರಲ್ ಕ್ಲಾಸಸ್ ಕಾಯ್ದೆಯ ಪ್ರಕಾರ 'ವ್ಯಕ್ತಿ' ಎಂದರೆ ಕಂಪನಿಯೂ ಸೇರಿತು. ವ್ಯಾಪಾರಕ್ಕೆ ಇದು ಬೇಕು, ಒಪ್ಪುತ್ತೇನೆ. ಕಂಪನಿಯೊಂದು ಕ್ಯಾಲೆಂಡರ್ ಅಚ್ಚು ಹಾಕಿಸಿ ಬಿಲ್ಲು ಕೊಡದಿದ್ದರೆ ನಾನು ಕೇಸು ಹಾಕುವುದು ಕಂಪನಿಯ ಮೇಲೇ. ದೇವರನ್ನೂ ನಮ್ಮ ಕಾನೂನು ವ್ಯಕ್ತಿ ಎನ್ನುತ್ತದೆ, ಅವನ ಹೆಸರಲ್ಲಿ ಜಮೀನಿರುತ್ತದೆ. 2017ರಲ್ಲಿ ಉತ್ತರಾಖಂಡ ಹೈಕೋರ್ಟು ಗಂಗೆ ಯಮುನೆಯನ್ನೂ ವ್ಯಕ್ತಿ ಎಂದಿತ್ತು, ಸುಪ್ರೀಂ ಕೋರ್ಟು ಆ ವರ್ಷವೇ ತಡೆ ಕೊಟ್ಟಿತು. ಇರಲಿ, ದೇವರಾಗಲಿ ನದಿಯಾಗಲಿ ಬಾಂಡು ಖರೀದಿಸಿದ್ದನ್ನು ಯಾರೂ ಕಂಡಿಲ್ಲ.

ವ್ಯಾಪಾರದ ಅನುಕೂಲಕ್ಕೆಂದು ಹಾಕಿಕೊಟ್ಟ ವೇಷವನ್ನು ರಾಜಕೀಯದ ಅಂಗಳಕ್ಕೂ ಬಿಟ್ಟಿದ್ದೇ ಅನಾಹುತ. ಕಂಪನಿ ನಾಗರಿಕನಲ್ಲ ಎಂದು ಸುಪ್ರೀಂ ಕೋರ್ಟು 1963ರಲ್ಲೇ ಹೇಳಿದೆ. ನಾಗರಿಕನಲ್ಲದವನಿಗೆ ವೋಟಿಲ್ಲ. ವೋಟಿಲ್ಲದವನು ವೋಟು ಪಡೆಯುವವರನ್ನು ಸಾಕುವುದು ಯಾವ ನ್ಯಾಯ ಸ್ವಾಮಿ? 1969ರಲ್ಲಿ ಇಂದಿರಾ ಗಾಂಧಿ ಸರ್ಕಾರ ಕಂಪನಿ ಚಂದಾ ನಿಷೇಧಿಸಿತು. 1985ರಲ್ಲಿ ರಾಜೀವ್ ಗಾಂಧಿ ಸರ್ಕಾರ ಬಾಗಿಲು ತೆರೆಯಿತು, 2013ರ ಕಾಯ್ದೆ ಮೂರು ವರ್ಷದ ಸರಾಸರಿ ಲಾಭದ ಶೇ. 7.5ರ ಮಿತಿ ಹಾಕಿತು, 2017ರಲ್ಲಿ ಮೋದಿ ಸರ್ಕಾರ ಆ ಮಿತಿಯನ್ನೇ ಕಿತ್ತು ಹಾಕಿತು. ನಷ್ಟದಲ್ಲಿರುವ ಕಂಪನಿಯೂ ಎಷ್ಟಾದರೂ ಕೊಡಬಹುದಾಯಿತು. ನಷ್ಟದಲ್ಲಿರುವವನು ಕೋಟಿ ದಾನ ಮಾಡುತ್ತಾನೆಂದರೆ ಅದು ಯಾರ ದುಡ್ಡು ಎಂದು ಕೇಳುವುದು ಬೇಡವೇ? ಕಂಪನಿಯ ಚಂದಾ ಪ್ರತಿಫಲಕ್ಕಾಗಿ ಮಾಡುವ ವ್ಯವಹಾರ ಎಂದು 2024ರ ತೀರ್ಪೇ ಹೇಳಿತು. ಮಿತಿ ತೆಗೆದದ್ದನ್ನೂ ಹೊಡೆದು ಹಾಕಿತು. ಆದರೆ ಚಂದಾ ನಿಲ್ಲಲಿಲ್ಲ. ನೇರವಾಗಿ, ಇಲ್ಲವೇ ಎಲೆಕ್ಟೋರಲ್ ಟ್ರಸ್ಟ್ ಎಂಬ ಹಿಂಬಾಗಿಲಿನಿಂದ ಕಂಪನಿ ದುಡ್ಡು ಹೋಗುತ್ತಲೇ ಇದೆ. ತೀರ್ಮಾನ ಮಾಡುವುದು ನಿರ್ದೇಶಕರ ಮಂಡಳಿ. ಅಲ್ಲಿ ದುಡಿಯುವ ಕನ್ನಡದ ಹುಡುಗನನ್ನು ಯಾರೂ ಕೇಳುವುದಿಲ್ಲ.

ಇದಕ್ಕೂ ಕನ್ನಡಕ್ಕೂ ಏನು ಸಂಬಂಧ ಎನ್ನುವ ಗೆಳೆಯರಿಗೆ ಒಂದು ನೆನಪು ಮಾಡಿಕೊಡುತ್ತೇನೆ. ಸರೋಜಿನಿ ಮಹಿಷಿ ವರದಿ ಬಂದದ್ದು 1986ರಲ್ಲಿ. ಅಂದಿನಿಂದ ಎಲ್ಲ ಪಕ್ಷಗಳೂ ಅದರ ಹೆಸರು ಹೇಳಿ ವೋಟು ಕೇಳಿವೆ. 2024ರ ಜುಲೈನಲ್ಲಿ ರಾಜ್ಯ ಸಂಪುಟ ಕೊನೆಗೂ ಒಂದು ಮಸೂದೆಗೆ ಒಪ್ಪಿತು, ಖಾಸಗಿ ಉದ್ದಿಮೆಗಳ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಸ್ಥಳೀಯರಿಗೆ. ಸಾಫ್ಟ್‌ವೇರ್ ಕಂಪನಿಗಳ ಸಂಘ ನಾಸ್ಕಾಂ ಕಂಪನಿಗಳು ಜಾಗ ಬದಲಿಸಬೇಕಾದೀತು ಎಂದು ಎಚ್ಚರಿಸಿತು. ಜುಲೈ 17ಕ್ಕೆ ಮಸೂದೆ ತಡೆಹಿಡಿದಾಯಿತು. ಮೂವತ್ತೆಂಟು ವರ್ಷ ಕಾದವರ ಕೂಗಿಗಿಂತ ಒಂದು ದಿನದ ಕಂಪನಿ ಹೇಳಿಕೆ ಜೋರಾಗಿ ಕೇಳಿಸಿತು. ಅಲ್ಲಿ ದುಡ್ಡು ಕೈ ಬದಲಾಯಿಸಿತೆಂದು ನಾನು ಹೇಳುವುದಿಲ್ಲ, ಸಾಕ್ಷಿಯಿಲ್ಲದೆ ಹೇಳಬಾರದು. ಆದರೆ ಕಂಪನಿಗಳ ಚಂದಾದಲ್ಲಿ ಚುನಾವಣೆ ನಡೆಸುವ ಪಕ್ಷಗಳಿಗೆ ಕಂಪನಿಗಳ ಎದುರು ನಿಲ್ಲುವ ಬೆನ್ನೆಲುಬು ಎಲ್ಲಿಂದ ಬರಬೇಕು?

ಕಂಪನಿ ಚಂದಾ ನಿಲ್ಲಿಸಿದರೆ ಕಪ್ಪುಹಣ ಬರುತ್ತದೆ, 1969ರ ನಂತರ ಆದದ್ದು ಅದೇ ಎಂದು ವಾದಿಸುವವರಿದ್ದಾರೆ. ಮಾತಿನಲ್ಲಿ ಸತ್ಯವಿದೆ. ಆಗ ಆದಾಯ ನಿಲ್ಲಿಸಿದರು, ಖರ್ಚು ಹಾಗೇ ಬಿಟ್ಟರು. ಇಂದಿಗೂ ಅದೇ ಕಥೆ. ನಮ್ಮಲ್ಲಿ ವಿಧಾನಸಭೆ ಅಭ್ಯರ್ಥಿಗೆ 40 ಲಕ್ಷದ ಮಿತಿ, ಪಕ್ಷಕ್ಕೆ ಮಿತಿಯೇ ಇಲ್ಲ. ಎರಡನ್ನೂ ಒಟ್ಟಿಗೆ ಕಟ್ಟಬೇಕು. ಮತದಾರರ ಪಟ್ಟಿಯಲ್ಲಿ ಹೆಸರಿದ್ದವನು ಮಾತ್ರ ಚಂದಾ ಕೊಡಲಿ, ಅದಕ್ಕೊಂದು ಮಿತಿ ಇರಲಿ, ಪಕ್ಷದ ಖರ್ಚಿಗೂ ಮಿತಿ ಬೀಳಲಿ. ಆಗದ ಮಾತೇನಲ್ಲ. ಕೆನಡಾ ತನ್ನ ರಾಷ್ಟ್ರೀಯ ಪಕ್ಷಗಳಿಗೆ ಕಂಪನಿ ಚಂದಾವನ್ನು 2007ರಿಂದ ಪೂರ್ತಿ ನಿಲ್ಲಿಸಿತು, ಬ್ರೆಜಿಲ್ಲಿನ ಸುಪ್ರೀಂ ಕೋರ್ಟು 2015ರಲ್ಲಿ ಅದನ್ನು ಅಸಾಂವಿಧಾನಿಕ ಎಂದಿತು.

ನಮ್ಮ ಮನೆಯ ಮಾತೂ ಒಂದಿದೆ. ರಾಜ್ಯೋತ್ಸವದ ಬ್ಯಾನರುಗಳು ನನ್ನ ಕಣ್ಣೆದುರೇ ಅಚ್ಚಾಗುತ್ತವೆ. ಭುವನೇಶ್ವರಿಗಿಂತ ದೊಡ್ಡದಾಗಿ ಬಿಲ್ಡರ್ ಕಂಪನಿಯ ಲೋಗೋ ಇರುತ್ತದೆ. ಆ ಬಿಲ್ಡರ್ ತನ್ನ ಬೋರ್ಡಿನಲ್ಲಿ ಕನ್ನಡ ಹಾಕದಿದ್ದರೆ ಯಾವ ಮುಖ ಇಟ್ಟುಕೊಂಡು ಕೇಳುತ್ತೀರಿ? ನೂರು ಜನರ ಹತ್ತತ್ತು ರೂಪಾಯಿಯಲ್ಲಿ ಸಣ್ಣ ಬ್ಯಾನರು ಕಟ್ಟಿ, ಸಾಕು.

ಇನ್ನೊಂದು ಕೆಲಸ ಈ ಪತ್ರಿಕೆ ಓದುವ ಕಾಲೇಜು ಹುಡುಗ ಹುಡುಗಿಯರದ್ದು. 20,000 ರೂಪಾಯಿಗಿಂತ ಹೆಚ್ಚು ಕೊಟ್ಟವರ ಪಟ್ಟಿಯನ್ನು ಪಕ್ಷಗಳು ಪ್ರತಿ ವರ್ಷ ಚುನಾವಣಾ ಆಯೋಗಕ್ಕೆ ಕೊಡಬೇಕು. ಬಾಂಡಿನ ಪಟ್ಟಿ 2024ರ ಮಾರ್ಚಿನಲ್ಲೇ ಬಂದಿದೆ, ಇಂಗ್ಲಿಷಿನಲ್ಲಿ. ಅವುಗಳನ್ನು ತೆಗೆದು, ಕರ್ನಾಟಕದಲ್ಲಿ ಭೂಮಿ, ನೀರು, ಗುತ್ತಿಗೆ ಪಡೆದ ಕಂಪನಿಗಳ ಹೆಸರು ಆರಿಸಿ, ಯಾವ ಪಕ್ಷಕ್ಕೆ ಎಷ್ಟು ಎಂದು ಕನ್ನಡದಲ್ಲಿ ಬರೆದು ತನ್ನಿ. ಅಚ್ಚು ಹಾಕುವ ಖರ್ಚು ನನ್ನದು.