ಹಳೆಯ ಇಂಗ್ಲಿಷಿನ ‘ಟ್ಯಾಂಕ್’

‘ಟ್ಯಾಂಕ್’ ಗೊತ್ತಿಲ್ಲದ ವಿದ್ಯಾರ್ಥಿ ಯಾರು? ಮಾಳಿಗೆಯ ಮೇಲೆ ನೀರು ತುಂಬುವುದು ಒಂದು, ರಣರಂಗದಲ್ಲಿ ಗುಂಡು ಹಾರಿಸುವುದು ಇನ್ನೊಂದು. ಆದರೆ ಮೆಡೋಸ್ ಟೇಲರರ ಆತ್ಮಕಥೆ ‘ದಿ ಸ್ಟೋರಿ ಆಫ್ ಮೈ ಲೈಫ್’ (1877) ಓದಲು ಕುಳಿತರೆ ಈ ಎರಡು ಅರ್ಥಗಳೂ ಕೈಕೊಡುತ್ತವೆ. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದಲ್ಲಿ ಬ್ರಿಟಿಷರ ಅಧಿಕಾರಿಯಾಗಿದ್ದ ಟೇಲರರಿಗೆ ಟ್ಯಾಂಕ್ ಎಂದರೆ ಕೆರೆ; ಏರಿ, ತೂಬು, ಕೋಡಿ ಎಲ್ಲವೂ ಇರುವ ನಮ್ಮ ಬೋನಾಳ ಕೆರೆಯಂಥದು. (ಸುರಪುರವನ್ನು ಆ ಪುಸ್ತಕದಲ್ಲಿ ‘ಶೋರಾಪೂರ್’ ಎಂದು ಹುಡುಕಬೇಕು!)

ಏರಿ ಕಟ್ಟಿ, ಮಳೆನೀರು ಹಿಡಿದು, ಗದ್ದೆಗೆ ಹಾಯಿಸುವ ಕೆರೆಗೆ ‘ಲೇಕ್’, ‘ಪಾಂಡ್’ ಎಂಬ ಪದಗಳು ಸರಿಹೊಂದುವುದಿಲ್ಲ. ಇಲ್ಲಿಗೆ ಬಂದ ಇಂಗ್ಲಿಷರು ಇಲ್ಲಿನ ಮಾತನ್ನೇ ಎತ್ತಿಕೊಂಡರು. ಗುಜರಾತಿನ ‘ಟಾಂಕಿ’ಯೂ ಪೋರ್ಚುಗೀಸರ ಅದೇ ಅರ್ಥದ ಪದವೂ ಬೆರೆತು ‘ಟ್ಯಾಂಕ್’ ಆಯಿತೆಂಬುದು ನಿಘಂಟುಕಾರರ ಅಭಿಪ್ರಾಯ. “ಟಾಕಿ ತುಂಬ್ಯಾದ” ಎನ್ನುವ ನಮ್ಮ ಅವ್ವಂದಿರ ಮಾತು ಮೂಲಕ್ಕೆ ಇನ್ನೂ ಹತ್ತಿರ! ಯುದ್ಧದ ಟ್ಯಾಂಕ್ ತೀರ ಈಚಿನದು. ಮೊದಲನೆಯ ಮಹಾಯುದ್ಧದ ಹೊತ್ತಿಗೆ ಬ್ರಿಟಿಷರು ಗುಟ್ಟಾಗಿ ಅದನ್ನು ಕಟ್ಟುವಾಗ, ನೀರಿನ ತೊಟ್ಟಿ ಎಂದು ನಂಬಿಸಲು ಇಟ್ಟ ಹೆಸರು.

ಹಳೆಯ ಅರ್ಥ ಸತ್ತಿಲ್ಲ. ನೀರಾವರಿಯ ಇಂಗ್ಲಿಷ್ ಕಡತಗಳಲ್ಲಿ ಈಗಲೂ ಟ್ಯಾಂಕ್ ಎಂದರೆ ಕೆರೆಯೇ. ಪರೀಕ್ಷೆಯಲ್ಲಿ ‘ಬ್ರೀಚ್ಡ್ ಟ್ಯಾಂಕ್’ ಬಂದರೆ ಏರಿ ಒಡೆದ ಕೆರೆ; ‘ಒಡೆದ ತೊಟ್ಟಿ’ ಎಂದು ಬರೆದರೆ ಅಂಕ ಹೋಯಿತು. ಮನೆಗೆ ಬಂದ ಕಾಗದದಲ್ಲಿ ‘ಟ್ಯಾಂಕ್ ಬೆಡ್’ ಎಂದಿದ್ದರೆ ಅದು ಕೆರೆಯಂಗಳ. ನಿಮ್ಮ ಹೊಲದ ಸರ್ವೆ ನಂಬರು ಅದರಲ್ಲಿ ಸೇರಿದೆಯೇ ಎಂದು ಅಪ್ಪನಿಗೆ ಓದಿ ಹೇಳಬೇಕಾದವರು ನೀವೇ.